'ಇತರರು' ಗುಂಪಿನ ಒಂದು ಹೆಸರು

"ಮೇಡಂ, ನನ್ನ ಬಾಸ್ ಯಾರು ಅಂತ ಸ್ವಲ್ಪ ಹೇಳ್ತೀರೇನ್ರಿ?"

ಶಿವಾನಿ ಕಂಪ್ಯೂಟರಿನಿಂದ ತಲೆಯೆತ್ತಿದಳು. ಎದುರಿಗೆ ನಿಂತಿದ್ದವನ ನೀಲಿ ಕೋಟಿನ ತೋಳೆರಡೂ ಒದ್ದೆ. ಕೆನ್ನೆಯ ಮೇಲೆ ಒಂದು ಗ್ರೀಸಿನ ಗೆರೆ. ಮಾತಿನಲ್ಲಿ ಮರ್ಯಾದೆ ತುಂಬಿದ್ದರೂ ಕಣ್ಣು ಮಾತ್ರ ಕೆಂಪಗಿತ್ತು.

"ನೀವು...?"

"ಸಂಗಮೇಶ. ಟೆಸ್ಟಿಂಗ್ ವಿಭಾಗ. ಬಂದು ಮೂರು ವಾರ ಆತು. ಮುನಿರತ್ನ ಅವರು ನನ್ನ ಕೈಕೆಳಗ ಕೆಲಸ ಮಾಡ್ತಾರ ಅಂತ ತಿಳ್ಕೊಂಡಿದ್ದೆ. ಇವತ್ತ ಮುಂಜಾನೆ ಅವರಿಗೆ ನಿಮ್ಮ ಮೇಲ್ ಬಂದೈತಿ. 'ನಿಮ್ಮ ಕೈಕೆಳಗಿನ ಸಂಗಮೇಶ ಅವರ ಕೆಲಸ ಹೇಗಿದೆ' ಅಂತ. ಅವರು ಕನ್ನಡಕ ಹಾಕ್ಕೊಂಡು, ಕುಂತು, ಶಿಸ್ತಾಗಿ ಐದಕ್ಕ ಎರಡು ಕೊಟ್ಟಾರ."

ಶಿವಾನಿ ಗಾಬರಿಯಿಂದ ಪರದೆಯತ್ತ ತಿರುಗಿದಳು. ಫೈಲು ತೆಗೆದು ನೋಡಿದರೆ, ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಜಾರಿತ್ತು. ಟೆಸ್ಟಿಂಗ್ ವಿಭಾಗದಲ್ಲಿ ಮೇಲಿನವರೆಲ್ಲ ಕೆಳಗೆ, ಕೆಳಗಿನವರೆಲ್ಲ ಮೇಲೆ.

'ಅಯ್ಯೋ ದೇವರೇ... ಯೋಗಾನಂದ್ ಸರ್‌ಗೆ ಗೊತ್ತಾದ್ರೆ ನನ್ನ ಕಥೆ ಮುಗೀತು.'

"ಎರಡು ಯಾಕೆ ಕೊಟ್ರಂತೆ?" ಬಾಯಿಗೆ ಬಂದದ್ದು ಇದೊಂದೇ ಪ್ರಶ್ನೆ.

"ಟೀ ಕುಡಿಯಾಕ ಪುರಸೊತ್ತು ಕೊಡಂಗಿಲ್ಲಂತ ನಾನು."

ಶಿವಾನಿ ತುಟಿ ಕಚ್ಚಿ ತಡೆದಳು. ಆಗಲಿಲ್ಲ. ಕಿಸಕ್ಕೆಂದು ನಕ್ಕೇಬಿಟ್ಟಳು. ಅವಳು ನಕ್ಕಿದ್ದು ನೋಡಿ ಆ ಮನುಷ್ಯನ ಸಿಟ್ಟು ಎಲ್ಲಿ ಹೋಯಿತೋ, ಅವನೂ ನಕ್ಕ.

ಇಷ್ಟೇ ನೋಡಿ, ಆರಂಭ ಆದದ್ದು.

ಯಶವಂತಪುರದ ಆ ಪಂಪ್ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಅಭಿಪ್ರಾಯ ಕೇಳುವ ಹಬ್ಬ ನಡೆಯುತ್ತದೆ. ಪ್ರತಿಯೊಬ್ಬರ ಬಗ್ಗೆಯೂ ಜೊತೆಯಲ್ಲಿ ಕೆಲಸ ಮಾಡುವ ಆರೇಳು ಮಂದಿ ಹೆಸರು ಹೇಳದೆ ಬರೆಯಬೇಕು. ಬರೆಯುವವರನ್ನು ಮೇಲಧಿಕಾರಿ, ಸಹೋದ್ಯೋಗಿಗಳು, ಕೈಕೆಳಗಿನವರು, ಇತರರು ಅಂತ ಗುಂಪು ಮಾಡುತ್ತಾರೆ. ಯಾರು ಯಾರಿಗೆ ಏನಾಗಬೇಕು ಅನ್ನುವ ಈ ನಂಟಸ್ತಿಕೆಯ ಪಟ್ಟಿ ಮಾಡಿ ಮೇಲಧಿಕಾರಿ ಯೋಗಾನಂದ್ ಅವರ ಮುಂದಿಡುವವಳು ಎಚ್.ಆರ್. ವಿಭಾಗದ ಶಿವಾನಿ. ಮದುವೆ ದಲ್ಲಾಳಿಗಳಿಗೂ ಇಷ್ಟು ತಲೆನೋವು ಇರಲಿಕ್ಕಿಲ್ಲ.

ಸಂಗಮೇಶ ಯಾರಿಗೂ ದೂರು ಹೇಳಲಿಲ್ಲ. ಬದಲಿಗೆ ಕೂತು ಪಟ್ಟಿ ಸರಿಮಾಡಿಕೊಟ್ಟ. ಅಂದಿನಿಂದ ಸಂಜೆಯ ಹೊತ್ತು ಇಬ್ಬರೂ ಫ್ಯಾಕ್ಟರಿಯ ಒಂದೊಂದೇ ವಿಭಾಗ ಸುತ್ತಿದರು.

"ಕಾಗದದ ಮ್ಯಾಲೆ ಇರೋದ ಬ್ಯಾರೆ, ಕೆಲಸ ನಡೆಯೋದ ಬ್ಯಾರೆ," ಎನ್ನುತ್ತಿದ್ದ ಅವನು. "ಸ್ಟೋರ್ಸ್ ಮಂದಿ ನನಗ ಕೈಕೆಳಗಿನವರಲ್ಲ, ಸಹೋದ್ಯೋಗಿಗಳೂ ಅಲ್ಲ. ಆದ್ರ ಅವರು ಬೋಲ್ಟ್ ಕೊಡಲಿಲ್ಲಂದ್ರ ನನ್ನ ಪಂಪ್ ಓಡಂಗಿಲ್ಲ. ಅವರನ್ನ ಕೇಳ್ರಿ ನನ್ನ ಬಗ್ಗೆ."

ಶಿವಾನಿಯೂ ಅವನಿಗೆ ನಿಯಮಗಳನ್ನು ಹೇಳಿಕೊಟ್ಟಳು. "ಮೇಲಧಿಕಾರಿ ಬಿಟ್ಟು ಬೇರೆ ಒಂದು ಗುಂಪಲ್ಲಿ ಮೂರು ಜನಕ್ಕಿಂತ ಕಮ್ಮಿ ಉತ್ತರ ಕೊಟ್ರೆ ಆ ಗುಂಪನ್ನ ಬೇರೆಯಾಗಿ ತೋರಿಸಲ್ಲ. ಅವರು ಬರೆದದ್ದನ್ನೆಲ್ಲ ಕಂಪ್ಯೂಟರ್ 'ಇತರರು' ಗುಂಪಿಗೆ ಸೇರಿಸಿಬಿಡತ್ತೆ. ಇಲ್ಲಾಂದ್ರೆ ಇಬ್ಬರಲ್ಲಿ ಯಾರು ಬರೆದ್ರು ಅಂತ ಹುಡುಕ್ಕೊಂಡು ಹೋಗಿ ಜಗಳ ಆಡ್ತಾರೆ."

ವರ್ಷಕ್ಕೆ ನೂರು ಸಲ ನೂರು ಜನರಿಗೆ ಹೇಳುವ ಮಾತದು. ಅವಳಿಗೆ ಬಾಯಿಪಾಠ.

ಪಟ್ಟಿ ಮುಗಿಯಿತು. ಸಂಜೆಯ ಮಾತು ಮುಗಿಯಲಿಲ್ಲ. ಮೆಟ್ರೋದಲ್ಲಿ ಅವನು ಜಾಲಹಳ್ಳಿಗೆ ಇಳಿದು ಅಬ್ಬಿಗೆರೆಯ ತನ್ನ ರೂಮಿಗೆ ಹೋಗುವವನು. ಅವಳು ಮುಂದಿನ ದಾಸರಹಳ್ಳಿಯಲ್ಲಿ ಇಳಿದು ಬಾಗಲಗುಂಟೆಗೆ. ಯಶವಂತಪುರದಿಂದ ಜಾಲಹಳ್ಳಿ ಇಷ್ಟು ಹತ್ತಿರ ಯಾಕಿದೆ ಅಂತ ಶಿವಾನಿಗೆ ಮೊದಲ ಸಲ ಸಿಟ್ಟು ಬಂದದ್ದು ಆ ದಿನಗಳಲ್ಲಿ. ಅವನು ಇಳಿದ ಮೇಲೆ ಒಂದು ಸ್ಟೇಷನ್ ದೂರ ಅವಳು ಒಬ್ಬಳೇ ನಗುತ್ತಾ ಕೂತಿರುತ್ತಿದ್ದಳು. ಪ್ರೀತಿ ಅಂದರೆ ಇದೇ ಅಂತ ಗೊತ್ತಿತ್ತು. ಹೇಳಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಅವಳಿಗೆ ಚಿಕ್ಕಂದಿನಿಂದ ಒಂದು ರೋಗ. ಯಾರಿಗೂ ಬೇಸರವಾಗಬಾರದು. ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಒಂದೇ ಕಾಂಪೌಂಡಿನಲ್ಲಿದ್ದ ಮನೆಯಲ್ಲಿ ಬೆಳೆದವಳು. ಯಾರ ಪರ ಮಾತಾಡಿದರೂ ಇನ್ನೊಬ್ಬರಿಗೆ ಸಿಟ್ಟು. ಹಾಗಾಗಿ ಯಾರು ಏನೇ ಕೇಳಿದರೂ ನಕ್ಕು, "ನಿಮ್ಮಿಷ್ಟ" ಅಂದುಬಿಡುವುದನ್ನು ಕಲಿತಿದ್ದಳು.

ಹೀಗೇ ವರ್ಷ ತುಂಬುತ್ತಾ ಬಂತು. ಮಾರ್ಚ್ ತಿಂಗಳ ಒಂದು ಸಂಜೆ ಟ್ರೈನಿನಲ್ಲಿ ಸಂಗಮೇಶ ಕೇಳಿದ.

"ಹುಬ್ಬಳ್ಳಿ ಪ್ಲ್ಯಾಂಟ್‌ನ್ಯಾಗ ಹೊಸ ಟೆಸ್ಟಿಂಗ್ ವಿಭಾಗ ಮಾಡಾಕತ್ತಾರ. ಮುಖ್ಯಸ್ಥ ಆಗ್ತೀಯೇನು ಅಂತ ಯೋಗಾನಂದ್ ಸರ್ ಕೇಳಾಕತ್ತಾರ. ಹೋಗ್ಲೋ, ಬ್ಯಾಡೋ?"

ಅವನು ಕಿಟಕಿ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

'ಹೋಗ್ಬೇಡಿ... ದಯವಿಟ್ಟು ಹೋಗ್ಬೇಡಿ.'

"ಅಯ್ಯೋ, ಪ್ರಮೋಷನ್ ಯಾರಾದ್ರೂ ಬಿಡ್ತಾರಾ? ಹೋಗಿ," ಅಂದಳು ನಗುತ್ತಾ.

"ನಿಮಗೇನೂ ಅನಿಸಂಗಿಲ್ಲೇನು?"

"ನಂಗೇನು? ನಿಮ್ಮಿಷ್ಟ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜಾಲಹಳ್ಳಿ ಬಂತು. ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದುಹೋದ. ಆ ರಾತ್ರಿ ಶಿವಾನಿ ಊಟ ಮಾಡಲಿಲ್ಲ. ಅಮ್ಮ ಕೇಳಿದ್ದಕ್ಕೆ ಹೊಟ್ಟೆನೋವು ಅಂದಳು. ಅದೂ ಸುಳ್ಳು.

ಎರಡು ವಾರ ಕಳೆದು ಈ ವರ್ಷದ ಹಬ್ಬ ಶುರುವಾಯಿತು. ಈ ಸಲ ಶಿವಾನಿಯ ಬಗ್ಗೆಯೂ ಅಭಿಪ್ರಾಯ ಕೇಳಬೇಕಿತ್ತು. ತನ್ನ ಪಟ್ಟಿಯನ್ನು ತಾನೇ ಬರೆದಳು. ಸಹೋದ್ಯೋಗಿಗಳ ಗುಂಪಿಗೆ ಮೂವರು: ಪಕ್ಕದ ಮೇಜಿನ ಗೆಳತಿ ಸಬೀರಾ, ಅಕೌಂಟ್ಸ್‌ನ ಶೀತಲ್, ಸಂಗಮೇಶ. ಇತರರ ಗುಂಪಿಗೆ ಇಬ್ಬರು: ಕ್ಯಾಂಟೀನಿನ ಬೈರಮ್ಮ, ಗೇಟಿನ ಸೆಕ್ಯುರಿಟಿ ಖಾದರ್ ಬಾಷಾ. ಅವಳದ್ದನ್ನು ಅವಳೇ ನೋಡಿಕೊಳ್ಳುವಂತಿಲ್ಲವಲ್ಲ, ಆ ಒಂದು ಫೈಲಿನ ಜವಾಬ್ದಾರಿ ಸಬೀರಾಳದ್ದು. ಯಾರು ಮುಗಿಸಿದ್ದಾರೆ ಎಂಬ ಪಟ್ಟಿ ಮಾತ್ರ ಶಿವಾನಿಗೂ ಕಾಣುತ್ತಿತ್ತು.

ವಾರ ಬಿಟ್ಟು ಯಾರ್‍ಯಾರು ಮುಗಿಸಿದ್ದಾರೆ ಅಂತ ನೋಡಿದರೆ, ಸಂಗಮೇಶನ ಹೆಸರು ಸಹೋದ್ಯೋಗಿಗಳ ಗುಂಪಿನಲ್ಲಿ ಇರಲಿಲ್ಲ. ಕೆಳಗೆ ಜಾರಿತ್ತು. ಫಾರ್ಮಿನ ಮೊದಲ ಪ್ರಶ್ನೆಯೇ 'ಇವರಿಗೂ ನಿಮಗೂ ಏನು ಸಂಬಂಧ' ಅಂತ. ಪಟ್ಟಿ ತಪ್ಪಿದ್ದರೆ ಬರೆಯುವವರು ತಿದ್ದಬಹುದು. ಅವನು ತಿದ್ದಿದ್ದ.

ಸಂಗಮೇಶ. ಇತರರು. ಮುಗಿದಿದೆ.

'ಇತರರಾ? ನಾನು ಇವರಿಗೆ ಗೇಟಿನ ಆಚೆಯವಳಾ?'

ಕಣ್ಣು ತುಂಬಿ ಬಂತು. ಟೈಪಿಂಗ್ ತಪ್ಪಿರಬಹುದು ಅಂತ ಮನಸ್ಸನ್ನು ಸಮಾಧಾನ ಮಾಡಿಕೊಂಡಳು.

ಬುಧವಾರ ಫಲಿತಾಂಶ ಕೈಗೆ ಬಂತು. ಶಿವಾನಿ ಅಂಕಿಗಳನ್ನು ನೋಡಲಿಲ್ಲ. ಮೇಲಿನ ಗುಂಪುಗಳನ್ನೂ ನೋಡಲಿಲ್ಲ. ನೇರ 'ಇತರರು' ಎಂಬಲ್ಲಿಗೆ ಹೋದಳು. ಮೂರು ಮಾತುಗಳಿದ್ದವು.

'ಒಳ್ಳೆ ಹೆಣ್ಣುಮಗಳು. ಸರಿಯಾಗಿ ಉಣ್ಣಲ್ಲ.' ಇದು ಬೈರಮ್ಮನದ್ದು, ಸಂಶಯವೇ ಇಲ್ಲ.

'ಗೇಟ್ ಪಾಸ್ ಟೈಮಿಗೆ ಕೊಡ್ತಾರೆ. ಸಲಾಂ.' ಇದು ಖಾದರ್ ಬಾಷಾ.

ಮೂರನೆಯದು ಹೀಗಿತ್ತು: 'ಎಲ್ಲರಿಗೂ ಒಳ್ಳೆಯವರಾಗಿರಬೇಕು ಅಂತ ಇವರು ಯಾರಿಗೂ ನಿಜ ಹೇಳುವುದಿಲ್ಲ. ಹತ್ತಿರ ಬಂದವರಿಗೂ ಇವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಹೀಗೇ ಇದ್ದರೆ ಬೇಕಾದವರನ್ನು ಕಳೆದುಕೊಳ್ಳುತ್ತಾರೆ.'

ಮೂವರಲ್ಲಿ ಉಳಿದವನು ಒಬ್ಬನೇ.

'ನನ್ನ ಮೇಲಿನ ಬೇಜಾರನ್ನ ಆಫೀಸ್ ಫಾರ್ಮಲ್ಲಿ ಬರೆದ್ರಾ? ಯೋಗಾನಂದ್ ಸರ್ ಓದೋ ಫಾರ್ಮಲ್ಲಿ?'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳಿಗೆ ಅಷ್ಟು ಉರಿದದ್ದು ಆ ಮಾತು ಸುಳ್ಳಾಗಿದ್ದಕ್ಕಲ್ಲ. ಅಕ್ಷರ ಅಕ್ಷರವೂ ನಿಜವಾಗಿದ್ದಕ್ಕೆ. ಅಂದು ಸಂಜೆ ಅವಳು ಬೇಕೆಂದೇ ಅರ್ಧ ಗಂಟೆ ತಡವಾಗಿ ಹೊರಟಳು.

ಗುರುವಾರ ಮಧ್ಯಾಹ್ನ ಕ್ಯಾಂಟೀನಿನ ಹೊರಗೆ ಅವನು ದಾರಿಗೆ ಅಡ್ಡ ನಿಂತ.

"ಏನ್ರಿ, ನಿನ್ನೆ ಟ್ರೈನಿಗೂ ಸಿಗಲಿಲ್ಲ. ಫೋನೂ ಎತ್ತಲಿಲ್ಲ."

"ಮಾತಾಡೋಕೆ ಏನಿದೆ? ಹೇಳೋದನ್ನೆಲ್ಲ ಫಾರ್ಮಲ್ಲಿ ಹೇಳಿದ್ದೀರಲ್ಲ."

ಅವನ ಮುಖದ ಬಣ್ಣ ಇಳಿಯಿತು. "ಅದನ್ನ... ನೀವು ಓದಿದ್ರೇನು?"

"ಓದಿದೆ."

"ಅದು ನಿಮಗ ಕಾಣಂಗಿಲ್ಲ ಅಂತ ತಿಳ್ಕೊಂಡಿದ್ದೆ."

"ಕಾಣಲ್ಲ ಅನ್ನೋ ಧೈರ್ಯಕ್ಕೆ ಬರೆದ್ರಾ? ಮುಖಕ್ಕೆ ಹೇಳ್ಬೋದಿತ್ತಲ್ಲ?"

"ಹೇಳಬೇಕಂತ ಬಾಯಿಗೆ ಬಂದಿತ್ರಿ, ಅವತ್ತ ಟ್ರೈನಿನ್ಯಾಗ. ನೀವು ಹೋಗಿ ಅಂದ್ರಿ."

"ಓದಿ ನಂಗೆ ಎಷ್ಟು ನೋವಾಯ್ತು ಗೊತ್ತಾ?"

ಸಂಗಮೇಶ ತಲೆ ತಗ್ಗಿಸಿದ.

"ತಪ್ಪಾತ್ರಿ. ನಿಮಗ ನೋವಾಗಲಿ ಅಂತ ಬರದದ್ದಲ್ಲ. ಇನ್ನೊಮ್ಮೆ ಆ ಮಾತು ನನ್ನ ಬಾಯಾಗ ಬರಂಗಿಲ್ಲ."

ಹೊರಟುಹೋದ. ಶಿವಾನಿ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ನೋಡಿ ಎಂಥ ಪೇಚು. ಇಬ್ಬರೂ ಒಂದೇ ಫಾರ್ಮಿನ ಬಗ್ಗೆ ಮಾತಾಡಿದರು. ಅವಳು ಓದಿದ್ದು ಒಂದು, ಅವನು ಬರೆದದ್ದು ಇನ್ನೊಂದು. ಇಬ್ಬರಲ್ಲಿ ಒಬ್ಬರಾದರೂ 'ಯಾವ ಮಾತು' ಅಂತ ಕೇಳಿದ್ದರೆ ಅಲ್ಲೇ ಮುಗಿದುಹೋಗುತ್ತಿತ್ತು. ನೊಂದವರು ಎಲ್ಲಿ ಕೇಳುತ್ತಾರೆ?

ಶುಕ್ರವಾರ ಬೆಳಿಗ್ಗೆ ಸಬೀರಾ ಕುರ್ಚಿ ಎಳೆದುಕೊಂಡು ಶಿವಾನಿಯ ಪಕ್ಕಕ್ಕೆ ಬಂದಳು. ಗಂಗಾನಗರದ ಹುಡುಗಿ, ಎರಡು ಮಕ್ಕಳ ತಾಯಿ, ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ.

"ಕಣ್ಣು ಯಾಕೆ ಊದಿದೆ?"

"ಏನಿಲ್ಲ. ನಿದ್ದೆ ಇಲ್ಲ."

"ನನ್ ಹತ್ರಾನೂ ಸುಳ್ಳಾ? ಹೇಳು."

ಶಿವಾನಿ ಸ್ಕ್ರೀನಿನ ಮೇಲೆ ಆ ಮಾತನ್ನು ತೋರಿಸಿದಳು. "ಸಂಗಮೇಶ್ ಬರೆದಿರೋದು ನೋಡು."

ಸಬೀರಾ ಓದಿದಳು. ಅವಳ ಮುಖ ಒಂದು ಥರ ಆಯಿತು. "ಇದು ಅವರದ್ದು ಅಂತ ಯಾರು ಹೇಳಿದ್ರು?"

"ಇತರರಲ್ಲಿ ಇರೋದೇ ಮೂರು ಜನ. ಬೈರಮ್ಮ ಹಿಂಗೆ ಬರೀತಾರಾ? ಖಾದರ್ ಭಾಯ್ ಬರೀತಾರಾ?"

"ಮೇಲೆ ಸಹೋದ್ಯೋಗಿಗಳ ಗುಂಪಲ್ಲಿ ಏನಿದೆ? ನೋಡು."

ಶಿವಾನಿ ಮೇಲೆ ಹೋದಳು. ಆ ಗುಂಪಿನ ಎದುರು ಒಂದು ಅಡ್ಡ ಗೆರೆ ಮಾತ್ರ ಇತ್ತು.

"ಏನೂ ಇಲ್ಲ. ನೀನು, ಶೀತಲ್ ಇಬ್ರೂ ತುಂಬಿಲ್ವಾ?"

"ತುಂಬಿದ್ವಿ ಕಣೆ. ಸಂಗಮೇಶ್ ಆಚೆ ಹೋದ್ಮೇಲೆ ಆ ಗುಂಪಲ್ಲಿ ಉಳಿದೋರು ಎಷ್ಟು ಜನ?"

"ಎರಡು..."

"ಎರಡೇ ಇದ್ರೆ ಏನಾಗತ್ತೆ? ಊರಿಗೆಲ್ಲ ಪಾಠ ಮಾಡ್ತೀಯಲ್ಲ, ಹೇಳು."

ಶಿವಾನಿ ಹಣೆ ಚಚ್ಚಿಕೊಂಡಳು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ನೂರು ಜನರಿಗೆ ಬಿಡಿಸಿ ಹೇಳಿದ ನಿಯಮವನ್ನು ತನ್ನದೇ ಕಾಗದ ಓದುವಾಗ ಮರೆತಿದ್ದಳು. ಸಬೀರಾ, ಶೀತಲ್ ಬರೆದದ್ದೆಲ್ಲ ಕೆಳಗಿನ ಗುಂಪಿಗೆ ಬಂದು ಬಿದ್ದಿತ್ತು.

"ಶೀತಲ್ ಮಾರ್ಕ್ಸ್ ಮಾತ್ರ ಹಾಕಿದ್ದಾಳೆ, ಅವಳೇ ಹೇಳಿದ್ಲು. ಆ ಮಾತು ಬರ್ದಿದ್ದು ನಾನು," ಅಂದಳು ಸಬೀರಾ. "ಮೂರು ವರ್ಷದಿಂದ ನೋಡ್ತಿದ್ದೀನಿ. ಬೇಕು ಅನ್ನಲ್ಲ, ಬೇಡ ಅನ್ನಲ್ಲ, ಎಲ್ಲದಕ್ಕೂ ಹಲ್ಲು ಬಿಡ್ತೀಯ. ಬಾಯಲ್ಲಿ ಹೇಳಿದ್ರೆ ನಕ್ಕು ಹಾರಿಸ್ತೀಯ. ಅದಕ್ಕೆ ಬರೆದೆ. ನಿನಗೆ ಇಷ್ಟು ನೋವಾಗತ್ತೆ ಅಂತ ಗೊತ್ತಿದ್ರೆ ಇನ್ನೂ ಚೆನ್ನಾಗಿ ಬರೀತಿದ್ದೆ."

ಅದೇ ಮಾತು. ಗೆಳತಿಯ ಬಾಯಲ್ಲಿ ಅದು ಬೈಗುಳದ ಪ್ರೀತಿ, ಅಷ್ಟೇ. ಶಿವಾನಿ ಅಳುತ್ತಾ ನಕ್ಕಳು.

"ಹಾಗಾದ್ರೆ ಸಂಗಮೇಶ್ ಬರೆದದ್ದು ಯಾವುದು?"

"ಇತರರು ಒಟ್ಟು ಎಷ್ಟು ಜನ ಅಂತ ಹಾಕಿದೆ? ಓದು."

"ನಾಲ್ಕು." ಬೆರಳು ಮಡಚಿ ಎಣಿಸಿದಳು. ಬೈರಮ್ಮ, ಖಾದರ್ ಬಾಷಾ, ಸಬೀರಾ, ಶೀತಲ್. "ಅವರದ್ದು ಇಲ್ವೇ ಇಲ್ಲ... ಅವರು ಉತ್ತರಾನೇ ಕೊಟ್ಟಿಲ್ವಾ? ಮುಗಿದಿದೆ ಅಂತ ತೋರಿಸ್ತು?"

"'ನಾನು ಉತ್ತರಿಸಲಾರೆ' ಅಂತ ಒತ್ತಿದ್ರೂ ಮುಗಿದಿದೆ ಅಂತಾನೇ ತೋರಿಸತ್ತೆ."

"ಅದನ್ನ ಒತ್ತಿದ್ರೆ ಕಾರಣ ಬರೀಬೇಕು. ಏನು ಬರೆದಿದ್ದಾರೆ? ಫೈಲ್ ನಿನ್ನ ಹತ್ರ ಇದೆ."

"ನಾನು ಬರೆದದ್ದು ನಂದು, ಹೇಳ್ದೆ. ಅವರದ್ದು ಹೇಳೋ ಹಕ್ಕು ನಂಗಿಲ್ಲ. ಅಲ್ಲಾ ಮೆಚ್ಚಲ್ಲ, ಯೋಗಾನಂದ್ ಸರ್ರೂ ಮೆಚ್ಚಲ್ಲ." ಸಬೀರಾ ಅವಳ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು. "ಹೋಗು. ಅವರನ್ನೇ ಕೇಳು. ಹುಬ್ಬಳ್ಳಿಗೆ ಹೂಂ ಅಂತಾರೋ ಊಹೂಂ ಅಂತಾರೋ, ಇವತ್ತು ಕೊನೇ ದಿನ."

ಶಿವಾನಿ ಓಡಿದಳು.

ಟೆಸ್ಟಿಂಗ್ ಶೆಡ್ಡಿನಲ್ಲಿ ಪಂಪ್ ಗುಯ್ಗುಡುತ್ತಿತ್ತು. ಎರಡು ಗಂಟೆ ನಿಲ್ಲಿಸದೆ ಓಡಿಸಿ, ಹತ್ತು ನಿಮಿಷಕ್ಕೊಮ್ಮೆ ನೀರಿನ ಒತ್ತಡ ಬರೆದುಕೊಳ್ಳಬೇಕು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಸಂಗಮೇಶ ಕಾಗದ ಹಿಡಿದು ನಿಂತಿದ್ದ. ಅವಳನ್ನು ನೋಡಿ ನಗಲಿಲ್ಲ.

"ಈಗಷ್ಟೇ ರೀಡಿಂಗ್ ತಗೊಂಡೆ. ಹತ್ತು ನಿಮಿಷ ಐತಿ. ಹೇಳ್ರಿ."

ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಎಲ್ಲೋ ಹೋಯಿತು. ಆದರೂ ಹೇಳಿದಳು. ಇನ್ನೊಬ್ಬರು ಬರೆದದ್ದನ್ನು ಅವನದೆಂದು ಓದಿದ್ದು, ಎರಡು ದಿನ ಉರಿದದ್ದು, ನಿನ್ನೆ ಬಾಯಿಗೆ ಬಂದಂತೆ ಅಂದದ್ದು, ಎಲ್ಲ.

ಸಂಗಮೇಶ ಕಣ್ಣರಳಿಸಿ ಕೇಳಿದ. "ಹಂಗಾದ್ರ ನಾ ಬರದದ್ದು ನೀವು ಓದಿಲ್ಲೇನು?"

"ಇಲ್ಲ."

"ಮತ್ತ ನಾನು ನಿನ್ನೆ... ಅಯ್ಯ ಶಿವನ." ಅವನು ಹಣೆ ಒತ್ತಿಕೊಂಡ. "ನಾ ಬರದದ್ದು ಏನಂದ್ರ..."

"ತಡೀರಿ. ನೀವು ಹೇಳ್ಬೇಡಿ. ಮೊದಲು ನಾನು ಹೇಳ್ಬೇಕು. ನಿಮ್ಮದು ಕೇಳಿದ ಮೇಲೆ ಹೇಳಿದ್ರೆ ಅದು ನಂಗೆ ಸುಲಭ ಆಗ್ಬಿಡತ್ತೆ."

ಅವನು ತಲೆಯಾಡಿಸಿದ. ಪಂಪಿನ ಸದ್ದಿಗೂ ಮೇಲಾಗುವಂತೆ ಶಿವಾನಿ ದನಿ ಏರಿಸಿದಳು.

"ಅವತ್ತು ಟ್ರೈನಲ್ಲಿ ಹೋಗಿ ಅಂದೆನಲ್ಲ, ಅದು ಸುಳ್ಳು. ನೀವು ಹೋದ್ರೆ ನಂಗೆ ತುಂಬಾ ಕಷ್ಟ ಆಗತ್ತೆ. ನಂಗೆ ನೀವು ಇಷ್ಟ. ಸುಮ್ನೆ ಇಷ್ಟ ಅಲ್ಲ... ಮದುವೆ ಆಗೋವಷ್ಟು ಇಷ್ಟ. ನಿಮಗೆ ಹಾಗಿಲ್ಲ ಅಂದ್ರೂ ಪರವಾಗಿಲ್ಲ. ಇಲ್ಲ, ಪರವಾಗಿಲ್ಲ ಅನ್ನೋದೂ ಸುಳ್ಳು. ಬೇಜಾರಾಗತ್ತೆ. ಆದ್ರೂ ಹೇಳ್ಬೇಕಿತ್ತು, ಹೇಳ್ದೆ."

ಸಂಗಮೇಶನ ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು. ಎತ್ತಿಕೊಳ್ಳುವುದು ಅವನಿಗೆ ನೆನಪಾಗಲಿಲ್ಲ. ಪಂಪಿನ ಆಚೆ ಬದಿಯಿಂದ ಬಂದ ಮುನಿರತ್ನ ಕಾಗದ ಎತ್ತಿಕೊಂಡು ಗಡಿಯಾರ ನೋಡಿದರು.

"ರೀಡಿಂಗ್ ನಾನ್ ಬರ್ಕೊತೀನಿ ಸಾ. ನೀವು ಆ ಕಡೀಕೆ ಓಗಿ ಮಾತಾಡ್ಕಳಿ. ಇಂಗೆ ನಿಂತ್ರೆ ಪಂಪೂ ಕೆಡ್ತದೆ, ನೀವೂ ಕೆಡ್ತೀರಿ."

ಇಬ್ಬರೂ ಶೆಡ್ಡಿನ ಹಿಂದಿನ ಕಟ್ಟೆಗೆ ಬಂದರು.

"ಫಾರ್ಮಿನ್ಯಾಗ ನಾನು ಬರದದ್ದು ಇಷ್ಟ," ಸಂಗಮೇಶ ನಿಧಾನವಾಗಿ ಹೇಳಿದ. "'ಇವರನ್ನು ನಾನು ಪ್ರೀತಿಸುತ್ತೇನೆ. ಇವರಲ್ಲಿ ನನಗೆ ತಪ್ಪೇ ಕಾಣುವುದಿಲ್ಲ. ಆದ್ದರಿಂದ ನಾನು ಕೊಡುವ ಅಂಕಕ್ಕೆ ಬೆಲೆಯಿಲ್ಲ, ನನ್ನನ್ನು ಬಿಟ್ಟುಬಿಡಿ' ಅಂತ. ಸಹೋದ್ಯೋಗಿ ಅನ್ನಾಕ ಮನಸ್ಸು ಒಪ್ಪಲಿಲ್ರಿ. ಮಿಕ್ಕಿದ್ದು ಅದೊಂದ ಗುಂಪು."

ಶಿವಾನಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೂ ಅಳು ಬರುತ್ತದೆ ಅಂತ ಕೇಳಿದ್ದಳು, ಇಷ್ಟು ಬರುತ್ತದೆ ಅಂತ ಗೊತ್ತಿರಲಿಲ್ಲ.

"ಹುಬ್ಬಳ್ಳಿ?" ಬೆರಳ ಸಂದಿಯಿಂದಲೇ ಕೇಳಿದಳು.

ಅವನು ತಡೆದು ಹೇಳಿದ. "ನಿನ್ನೆ ಸಂಜೀಕ ಸಹಿ ಮಾಡಿಕೊಟ್ಟೆ. ಇಲ್ಲಿ ಇರಾಕ ಆಗಂಗಿಲ್ಲ ಅನಿಸ್ತು. ಆರು ತಿಂಗಳು ಅಲ್ಲಿ ಇರಲೇಬೇಕು. ಆಮ್ಯಾಲೆ ಬೇಕಾದ್ರ ವಾಪಸ್ ಬರಬಹುದು."

ಒಂದೇ ಒಂದು ದಿನ. ನಿನ್ನೆ ಮಧ್ಯಾಹ್ನ ಬಾಯಿ ಬಿಟ್ಟಿದ್ದರೆ... ಹಳೆಯ ಶಿವಾನಿಯಾಗಿದ್ದರೆ ಇಲ್ಲಿ ನಕ್ಕು, ಒಳ್ಳೇದೇ ಆಯ್ತು ಬಿಡಿ ಅನ್ನುತ್ತಿದ್ದಳು.

"ನಂಗೆ ಸಿಟ್ಟು ಬರ್ತಿದೆ," ಅಂದಳು. "ನಿಮ್ಮ ಮೇಲಲ್ಲ, ನನ್ನ ಮೇಲೆ. ಆರು ತಿಂಗಳು ನಂಗೆ ಒಂದು ಚೂರೂ ಇಷ್ಟ ಇಲ್ಲ. ಆದ್ರೆ ಕೊಟ್ಟ ಮಾತು ಕೊಟ್ಟಿದ್ದೇ. ಹೋಗಿ ಬನ್ನಿ. ಕಾಯ್ತೀನಿ. ದಿನಾ ಬೈಕೊಂಡು ಕಾಯ್ತೀನಿ."

ಸಂಗಮೇಶ ಅವಳ ಕೈ ಹಿಡಿದುಕೊಂಡ.

"ಹೋಗೂ ಮೊದಲ ನಿಮ್ಮಪ್ಪಾರನ್ನ ನೋಡ್ತೀನಿ. ಭಾನುವಾರ ಬರಲೇನು?"

"ಭಾನುವಾರ ಬೇಡ. ನಾಳೆ ಶನಿವಾರ, ನಾಳೆನೇ ಬನ್ನಿ."

"ಭಾನುವಾರ ಎಲ್ಲಾರೂ ಸಿಗ್ತಾರಲ್ರಿ?"

"ಸಿಗ್ತಾರೆ. ಆದ್ರೆ ನಮ್ಮನೇಲಿ ಭಾನುವಾರ ಮಟನ್ ಸಾರು. ಬೀದಿ ತುದೀಗೇ ವಾಸನೆ ಬರತ್ತೆ. ನೀವು ಮೊಟ್ಟೆನೂ ಮುಟ್ಟೋರಲ್ಲ. ಅಪ್ಪ ಇದನ್ನೇ ಹಿಡ್ಕೊಂಡು ಆಗಲ್ಲ ಅಂತಾರೇನೋ ಅಂತ ನಂಗೆ ಭಯ."

ಅವನು ಬೇಡವೆಂಬಂತೆ ತಲೆ ಅಲ್ಲಾಡಿಸಿದ.

"ಭಾನುವಾರನ ಬರ್ತೀನಿ. ನಿಮ್ಮಪ್ಪಾರು ಊಟಕ್ಕ ಕುಂತಾಗ ಅವರ ಬಾಜೂಕ ಕುಂತು ನಾನು ಅನ್ನಾ ಮಜ್ಜಿಗಿ ಉಣ್ತೀನಿ. ಒಂದ ಸಾಲಿನ್ಯಾಗ ಕುಂದ್ರಾಕ ಆಗ್ತೈತೋ ಇಲ್ಲೋ ಇಬ್ಬರಿಗೂ ಗೊತ್ತಾಗ್ಲಿ."

"ಅಪ್ಪ ಒಪ್ಪದೇ ಹೋದ್ರೆ?"

"ಮುಂದಿನ ಭಾನುವಾರ ಮತ್ತ ಬರ್ತೀನಿ."

"ಹುಬ್ಬಳ್ಳಿಯಿಂದಾನಾ?"

"ಹುಬ್ಬಳ್ಳಿಯಿಂದನ. ಒಪ್ಪೂತನಕ ಬರ್ತೀನಿ."

ಶಿವಾನಿ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಒಂದು ಗಂಟೆಗೆ ಸರಿಯಾಗಿ ಬನ್ನಿ," ಅಂದಳು. "ನಾನು ನಿಮ್ಮ ಆ ಕಡೆ ಕೂತ್ಕೋತೀನಿ. ಇನ್ಮೇಲೆ ಭಾನುವಾರ ನಂಗೂ ಮಜ್ಜಿಗೆ ಅನ್ನಾನೇ."